ತೋಟದ ಮನೆಯಲ್ಲಿ ದೇಶಾಂತರದ ಮಾತು

ಹಾಸನದಿಂದ ಪಾಳ್ಯ, ಬಾಳ್ಳುಪೇಟೆಗಳ ಮೇಲೆ ಸಕಲೇಶಪುರಕ್ಕೆ ಹೋಗುವ ಹೆದ್ದಾರಿಯನ್ನು ಬಿಟ್ಟು ಹಾನುಬಾಳು, ಹೆತ್ತೂರು, ಯಸಳೂರುಗಳ ಕಡೆಗೆ ಒಳಹೊಕ್ಕರೆ, ಇಳಿಜಾರಿನ ಕಾಫಿಯ ನಡುವೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳ ಹಿಂದೆ, ಮುಂದೊಂದು ಸಿಮೆಂಟಿನ ಕಣವನ್ನೂ ಪಕ್ಕದಲ್ಲೊಂದು ಪಲ್ಪರ್ ಮನೆಯನ್ನೂ ಇರಿಸಿಕೊಂಡ ತೋಟದ ಮನೆಗಳು ದೊರೆಯುತ್ತವೆ. ಈ ಮನೆಗಳಲ್ಲಿ, ಅರೇಬಿಕಾದ ಕುಯ್ಲು ಮುಗಿದು ರೊಬಸ್ಟಾದ ಹಣ್ಣು ಇನ್ನೂ ಕಣದ ಮೇಲೆ ಒಣಗುತ್ತಿರುವ ಮಾಘ, ಫಾಲ್ಗುಣಗಳ ದಿನಗಳಲ್ಲಿ, ವರ್ಷದ ಲೆಕ್ಕ ಕಟ್ಟಿ, ಸಾಲಕ್ಕೆ ಹೋದದ್ದೆಷ್ಟು ಕೈಯಲ್ಲಿ ಉಳಿದದ್ದೆಷ್ಟು ಎಂಬುದು ಗೊತ್ತಾದ ಮೇಲೆ, ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳುಹಿಸುವ ಮಾತು ಏಳುವುದುಂಟು. ಏಳುವುದುಂಟೇ ಹೊರತು ಅದು ಮುಗಿಯುವುದು ಅಪರೂಪ. "ಎರಡು ವರ್ಷ ಇದ್ದು ಬರ್ತೀನಿ ಅಪ್ಪಾಜಿ" ಎಂದು ಮಗನು ಹೇಳುತ್ತಾನೆ; "ನೋಡು ಮಗಾ, ನಿನ್ನಿಷ್ಟ" ಎಂದು ತಂದೆಯು ಹೇಳುತ್ತಾನೆ; ಇಬ್ಬರೂ ತಾವಾಡಿದ್ದನ್ನು ತಾವೇ ನಂಬದೆ, ನಂಬುವುದಿಲ್ಲವೆಂಬುದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಸಾಲದೆ, ಪಾಸ್‌ಪೋರ್ಟಿನ ಅರ್ಜಿಯನ್ನು ತುಂಬಲು ಕೂಡುತ್ತಾರೆ.

ದೇಶಾಂತರಗಮನವನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಬಹುಮಟ್ಟಿಗೆ ಆ ದೇಶವು ಮೇಲೋ ಈ ದೇಶವು ಮೇಲೋ ಎಂಬ ವಾದದಲ್ಲಿಯೇ ತೊಡಗಿ, ಅಲ್ಲಿಯ ಸಂಬಳ, ರಸ್ತೆ, ಆಸ್ಪತ್ರೆಗಳನ್ನು ಒಂದು ತಟ್ಟೆಯಲ್ಲಿಯೂ ಇಲ್ಲಿಯ ಅನ್ನ, ಭಾಷೆ, ಬಂಧುಬಳಗಗಳನ್ನು ಮತ್ತೊಂದು ತಟ್ಟೆಯಲ್ಲಿಯೂ ಇಟ್ಟು ತೂಗುವುದರಲ್ಲಿ ಪರ್ಯವಸಾನವಾಗುತ್ತದೆ. ನೌಕರಿಯನ್ನು ಬಿಟ್ಟು ಹೊರಡುವ ನಗರವಾಸಿಗೆ ಈ ತೂಕವು ಸಾಕಾದೀತು. ಆದರೆ ಸಕಲೇಶಪುರದ ಸುತ್ತಿನ ಈ ಮಂಜರಾಬಾದಿನ ಸೀಮೆಯಲ್ಲಿ ಹೊರಡುವವನ ಹಿಂದೆ ಒಂದು ತೋಟವಿರುತ್ತದೆ. ತೋಟಕ್ಕೆ ತನ್ನದೇ ಆದ ಪಂಚಾಂಗವಿರುತ್ತದೆ. ಅದು ಯಾರ ವೀಸಾದ ಅವಧಿಯನ್ನೂ ಕೇಳಿ ಹೂ ಬಿಡುವುದಿಲ್ಲ. ನಾನು ನೋಡಿದ ಮಟ್ಟಿಗೆ ಹೇಳುವುದಾದರೆ, ಹೋದುದರಿಂದ ಈ ಸೀಮೆಯ ಮನೆಗಳಿಗೆ ಒದಗಿದ ಹಾನಿಯು ಅಲ್ಪ; ತಿರುಗಿ ಬರುವೆನೋ ಇಲ್ಲವೋ ಎಂಬುದನ್ನು ತೀರ್ಮಾನಿಸದೆ ಹೋದುದರಿಂದ ಒದಗಿದ ಹಾನಿಯು ಬಹಳ.

ಈ ಬೆಟ್ಟಗಳಿಗೆ ದೇಶಾಂತರದ ಪ್ರಶ್ನೆ ಮೊದಲು ಬಂದದ್ದು ತಿರುಗುಮುರುಗಾಗಿ. 1843ರಲ್ಲಿ ಫ್ರೆಡ್ರಿಕ್ ಗ್ರೀನ್ ಎಂಬಾತನು ಐಗೂರಿನ ಬಳಿ ಕಾಫಿಗಾಗಿ ನೆಲವನ್ನು ಹಿಡಿದನು. ಅದಾದ ಹತ್ತು ಹನ್ನೆರಡು ವರ್ಷಗಳಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ತರುಣನು ತನ್ನ ಊರಿನಲ್ಲಿ ಇರುವುದೋ ಸಮುದ್ರವನ್ನು ದಾಟುವುದೋ ಎಂಬುದನ್ನು ನಿಶ್ಚಯಿಸಿಕೊಂಡು ಮಂಜರಾಬಾದಿಗೆ ಬಂದು ಕಾಡಿನಲ್ಲಿ ಕಾಫಿ ಹಾಕಿದನು. ಸೂಯೆಜ್ ಕಾಲುವೆಯು ತೆರೆಯುವುದಕ್ಕೆ ಇನ್ನೂ ಕಾಲವಿದ್ದ ಆ ದಿನಗಳಲ್ಲಿ ಮನೆಗೆ ಬರೆದ ಕಾಗದಕ್ಕೆ ಉತ್ತರ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಮೈಸೂರಿನ ಕಾಡುಗಳಲ್ಲಿ ಪ್ಲಾಂಟರನಾಗಿ ತಾನು ಪಟ್ಟ ಅನುಭವಗಳನ್ನು ಕುರಿತು ಅವನು 1871ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. 1894ರಲ್ಲಿ ಚಿನ್ನ, ಬೇಟೆ, ಕಾಫಿಗಳನ್ನು ಕುರಿತ ಮತ್ತೊಂದು ಗ್ರಂಥವನ್ನು ಹೊರಡಿಸಿ, ಅದು ಮೈಸೂರಿನ ಪ್ಲಾಂಟರನೊಬ್ಬನ 38 ವರ್ಷಗಳ ಅನುಭವವೆಂದು ಮುಖಪತ್ರದಲ್ಲಿಯೇ ನಮೂದಿಸಿದನು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ಲಾಂಟರುಗಳ ಪರವಾಗಿ ಕುಳಿತವನೂ ಅವನೇ.

ಎಲಿಯಟ್ಟನನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಅವನು ಇಲ್ಲಿಗೆ ಬಂದವನು ಇಲ್ಲಿಯೇ ಉಳಿಯಲಿಲ್ಲ. ಸ್ಕಾಟ್ಲೆಂಡಿನಲ್ಲಿದ್ದ ತನ್ನ ಭೂಮಿಯನ್ನೂ ಬಿಡಲಿಲ್ಲ. ರಾಕ್ಸ್‌ಬರೋ ಸೀಮೆಯ ಕ್ಲಿಫ್ಟನ್ ಪಾರ್ಕಿನಲ್ಲಿ ಆಳವಾಗಿ ಬೇರಿಳಿಸುವ ಹುಲ್ಲುಗಳನ್ನೂ ಗಿಡಮೂಲಿಕೆಗಳನ್ನೂ ಬೆರೆಸಿ ಬಿತ್ತಿ, ಸವೆದ ಹೊಲಗಳನ್ನು ಕೆಲವು ವರ್ಷ ಹುಲ್ಲುಗಾವಲಾಗಿ ಬಿಟ್ಟು, ಮಣ್ಣಿಗೆ ಸತ್ತ್ವವನ್ನು ತುಂಬುವ ಒಂದು ಪದ್ಧತಿಯನ್ನು ಅವನು ನಡೆಸಿ ತೋರಿಸಿದನು. ಆ ಪದ್ಧತಿಗೆ ಕ್ಲಿಫ್ಟನ್ ಪಾರ್ಕಿನ ಹೆಸರೇ ನಿಂತಿತು. ಸಹ್ಯಾದ್ರಿಯ ಕಾಡುಮಣ್ಣಿನಲ್ಲಿ ಎಲೆ ಕೊಳೆತು ಗೊಬ್ಬರವಾಗುವುದನ್ನು ವರ್ಷವರ್ಷವೂ ಕಂಡವನಿಗೆ ತನ್ನೂರಿನ ಬಡಮಣ್ಣಿನ ವಿಚಾರದಲ್ಲಿ ಈ ಬುದ್ಧಿ ಹೊಳೆದಿರಬಹುದೆಂದು ಊಹಿಸಿದರೆ ತಪ್ಪಾಗಲಾರದು. ಎರಡು ದೇಶಗಳಲ್ಲಿ ಎರಡು ನೆಲಗಳನ್ನು ಇಟ್ಟುಕೊಂಡು ಎರಡನ್ನೂ ಹಾಳುಗೆಡವದೆ ಸಾಗಿಸಿದ ಮನುಷ್ಯನೆಂದು ಅವನನ್ನು ಒಪ್ಪಬೇಕು. ಅವನಿಗಿದ್ದ ಅನುಕೂಲಗಳನ್ನೂ ಮರೆಯಬಾರದು: ಆಳುವವರು ಅವನ ಜನ, ವೀಸಾವನ್ನು ಕೇಳುವವರು ಯಾವ ಬಂದರಿನಲ್ಲಿಯೂ ಇರಲಿಲ್ಲ, ಅವನು ಊರಿಗೆ ಹೋದಾಗ ತೋಟವನ್ನು ನೋಡಿಕೊಳ್ಳುವುದಕ್ಕೆ ಮ್ಯಾನೇಜರು, ರೈಟರು, ಮೇಸ್ತ್ರಿಗಳ ಸಾಲೇ ಇತ್ತು, ಗದ್ದೆಯ ಕೆಲಸ ಮುಗಿದೊಡನೆ ಘಟ್ಟದ ಕೆಳಗಿನಿಂದ ಆಳುಗಳು ಗುಂಪುಗುಂಪಾಗಿ ಹತ್ತಿ ಬರುತ್ತಿದ್ದರು. ಇಂದು ಟೊರಾಂಟೊದಲ್ಲಿಯೋ ಸಿಡ್ನಿಯಲ್ಲಿಯೋ ಕುಳಿತು ದೂರವಾಣಿಯ ಮೂಲಕ ಹದಿನೈದು ಎಕರೆಯನ್ನು ಸಾಗಿಸಲು ಹೊರಟ ಮಗನಿಗೆ ಇವುಗಳಲ್ಲಿ ಒಂದೂ ಇಲ್ಲ.

ಹಾಗಾದರೆ ಆ ಮಗನು ಹೋಗಬೇಕೆಂದು ತೀರ್ಮಾನಿಸಿದ್ದು ಯಾವಾಗ? ಪದವಿಯ ಕಡೆಯ ವರ್ಷದಲ್ಲಿ ಎಂದು ತಂದೆತಾಯಿಗಳು ಭಾವಿಸುತ್ತಾರೆ. ನನಗೆ ತೋರುವಂತೆ, ಅವನನ್ನು ಹತ್ತನೆಯ ವಯಸ್ಸಿನಲ್ಲಿ ಹಾಸನದ, ಮೈಸೂರಿನ ಅಥವಾ ಮಂಗಳೂರಿನ ಹಾಸ್ಟೆಲಿಗೆ ಬಿಟ್ಟು ಬಂದ ಮಧ್ಯಾಹ್ನವೇ ಅದು ಮುಕ್ಕಾಲು ಪಾಲು ತೀರ್ಮಾನವಾಗಿತ್ತು. ಊರಿನ ಶಾಲೆ ಚೆನ್ನಾಗಿಲ್ಲ, ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ನಿಲ್ಲುತ್ತದೆ, ಸಂಜೆ ಆನೆಯ ಭಯ, ಎಂಬ ಕಾರಣಗಳೆಲ್ಲ ನಿಜವೇ, ಅವುಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಾಸ್ಟೆಲಿನ ಹುಡುಗನಿಗೆ ತೋಟವೆಂದರೆ ಬೇಸಗೆಯ ರಜೆ, ದಸರಾ ರಜೆ. ಜೂನಿನ ಮಳೆಯಲ್ಲಿ ಮರಗಸಿ ಮಾಡಿಸುವುದನ್ನು, ಆಮೇಲೆ ಚಿಗುರು ತೆಗೆಸುವುದನ್ನು, ಅರೇಬಿಕಾದ ಸಾಲುಸಾಲನ್ನೂ ನೋಡಿ ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ಗುರುತುಮಾಡಿ ಕಿತ್ತು ಸುಡಿಸುವುದನ್ನು ಅವನು ಕಂಡೇ ಇರುವುದಿಲ್ಲ. 1960ರಲ್ಲಿ ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾದಾಗ ಈ ಸೀಮೆಯ ಮಕ್ಕಳು ಮನೆಗೆ ಹತ್ತಿರವಿದ್ದುಕೊಂಡೇ ಓದುವ ಅವಕಾಶ ಒದಗಿತು. ಓದಿದ ವಿದ್ಯೆಗೆ ತಕ್ಕ ಕೆಲಸವು ಮಾತ್ರ ಹತ್ತಿರದಲ್ಲಿರಲಿಲ್ಲ. ಬೆಂಗಳೂರಿಗೆ ಹೋಗಿ ಹತ್ತು ವರ್ಷ ಕೆಲಸ ಮಾಡಿದವನಿಗೆ ಬೆಂಗಳೂರಿನಿಂದ ಬೋಸ್ಟನ್ನಿಗೆ ಹೋಗುವುದು ಬಲು ಚಿಕ್ಕ ಹೆಜ್ಜೆ. ದೊಡ್ಡ ಹೆಜ್ಜೆಯನ್ನು ಅವನ ತಂದೆಯು ಅವನ ಪರವಾಗಿ ಎಂದೋ ಇಟ್ಟಾಗಿತ್ತು.

ತೋಟಕ್ಕೆ ಮನುಷ್ಯನು ಏಕೆ ಬೇಕು, ಆಳುಗಳಿಗೆ ಸಂಬಳ ಕಳುಹಿಸಿದರೆ ಸಾಲದೆ ಎಂದು ಕೇಳುವವರು ಹೂಮಳೆಯ ದಿನಗಳಲ್ಲಿ ಒಮ್ಮೆ ಇತ್ತ ಬಂದು ನೋಡಬೇಕು. ಮಾರ್ಚಿ ಏಪ್ರಿಲುಗಳಲ್ಲಿ ಮೊಗ್ಗು ಕಟ್ಟಿ ನಿಂತ ರೊಬಸ್ಟಾಕ್ಕೆ ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ ಹೂವು ಪೂರ್ತಿಯಾಗಿ ಅರಳುತ್ತದೆ; ಇಪ್ಪತ್ತು ಸೆಂಟೋ ಮೂವತ್ತು ಸೆಂಟೋ ಬಿದ್ದು ನಿಂತರೆ ಮೊಗ್ಗು ಅರ್ಧ ಬಿರಿದು ಕಪ್ಪಾಗುತ್ತದೆ. ಆದುದರಿಂದ ಮಳೆಮಾಪಕವನ್ನು ನೋಡಿದ ಮರುಗಳಿಗೆಯೇ ಸ್ಪ್ರಿಂಕ್ಲರ್ ಹಚ್ಚುವುದೋ, ಇನ್ನೊಂದು ರಾತ್ರಿ ಕಾಯುವುದೋ, ಕೆರೆಯಲ್ಲಿರುವ ನೀರು ಎಷ್ಟು ಎಕರೆಗೆ ಬರುತ್ತದೆ, ಡೀಸೆಲ್ ಎಲ್ಲಿದೆ, ಎಂಬುದನ್ನೆಲ್ಲ ಒಬ್ಬನು ನಿಂತಲ್ಲೇ ನಿರ್ಣಯಿಸಬೇಕು. ಹೂವಾಗಿ ಎರಡು ಮೂರು ವಾರಗಳೊಳಗೆ ಬ್ಯಾಕಿಂಗ್ ಮಳೆ ಬರದಿದ್ದರೆ ಮತ್ತೆ ಅದೇ ನಿರ್ಣಯ. ತಪ್ಪಿದರೆ ಆ ವರ್ಷದ ಫಸಲು ಹೋಯಿತು. ಸಂಬಳದಾಳು ನಂಬಿಕಸ್ಥನೇ ಆಗಿದ್ದರೂ ಯಜಮಾನನ ಡೀಸೆಲ್ಲನ್ನು ಸುರಿಯುವ ಜವಾಬ್ದಾರಿಯನ್ನು ತಾನೇ ಹೊರಲಾರ. ನ್ಯೂಜೆರ್ಸಿಗೆ ಕರೆಮಾಡಿದರೆ ಅಲ್ಲಿ ನಡುರಾತ್ರಿ.

ಇನ್ನು ಆನೆಯ ವಿಚಾರ. ಆಲೂರು ಸಕಲೇಶಪುರಗಳ ಕಾಫಿಯೊಳಗೆ ಆನೆಗಳು ಕಾಡಿನಿಂದ ಬಂದುಹೋಗುವ ಅತಿಥಿಗಳಾಗಿ ಉಳಿದಿಲ್ಲ. ತೋಟಗಳಲ್ಲಿಯೇ ಹಗಲು ಮಲಗಿ ರಾತ್ರಿ ಗದ್ದೆಗೆ ಇಳಿಯುತ್ತವೆ. 2014ರ ಸುಮಾರಿಗೆ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಅವು ಬಿಟ್ಟ ಜಾಗಕ್ಕೆ ಬೇರೆ ಆನೆಗಳು ಬಂದುವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಮೈಸೂರು ದಸರೆಯ ಅಂಬಾರಿಯನ್ನು ಎಂಟು ಬಾರಿ ಹೊತ್ತ ಅರ್ಜುನನು ಒಂಟಿ ಸಲಗದೊಡನೆ ಕಾದಾಡಿ ಮಡಿದದ್ದನ್ನು ನಾಡೆಲ್ಲ ಕೇಳಿ ಮರುಗಿತು. ಕೊರಳಿಗೆ ರೇಡಿಯೊ ಪಟ್ಟಿಯನ್ನು ಕಟ್ಟಿದ ಆನೆಗಳು ಎಲ್ಲಿವೆಯೆಂಬ ಸಂದೇಶವು ಈಗ ಊರವರ ಮೊಬೈಲಿಗೆ ಬರುತ್ತದೆ. ಅದೇ ಸಂದೇಶವನ್ನು ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಓದಿ, ಎಪ್ಪತ್ತು ದಾಟಿದ ತನ್ನ ತಾಯಿ ಈ ಹೊತ್ತಿನಲ್ಲಿ ಹಾಲು ಹಾಕಲು ಡೈರಿಗೆ ಹೊರಟಿದ್ದಾಳೋ ಎಂದು ಸಾವಿರಾರು ಮೈಲಿಯಾಚೆ ತಳಮಳಿಸುವ ಮಕ್ಕಳಿರುವುದನ್ನು ನಾನು ಬಲ್ಲೆ. ಮೊದಲಿನ ಕಾಲದಲ್ಲಿ ಹೋದವನಿಗೆ ಊರಿನ ಸುದ್ದಿ ತಿಳಿಯದೆ ದುಃಖ. ಈಗಿನವನಿಗೆ ಎಲ್ಲವೂ ಆ ಕ್ಷಣದಲ್ಲೇ ತಿಳಿದು ದುಃಖ.

ಬೆಲೆಯ ಏರಿಳಿತವು ಈ ನಿರ್ಣಯವನ್ನು ಕದಡುವಷ್ಟು ಮತ್ತೇನೂ ಕದಡುವುದಿಲ್ಲ. 1942ರ ಕಾಫಿ ಕಾಯಿದೆಯಿಂದ ಬಂದ ಪೂಲ್ ವ್ಯವಸ್ಥೆಯಲ್ಲಿ ಬೆಳೆಗಾರನು ಕಾಫಿಯನ್ನು ಮಂಡಳಿಗೆ ಒಪ್ಪಿಸಿ ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದನು. ತೊಂಬತ್ತರ ದಶಕದಲ್ಲಿ ಆ ವ್ಯವಸ್ಥೆ ಕರಗಿ ಮಾರುಕಟ್ಟೆ ತೆರೆಯಿತು. 1994ರಲ್ಲಿ ಬ್ರೆಜಿಲಿನ ತೋಟಗಳು ಹಿಮಕ್ಕೆ ಸುಟ್ಟುಹೋದದ್ದರಿಂದ ಇಲ್ಲಿಯವರಿಗೆ ಎಂದೂ ಕಾಣದ ಬೆಲೆ ಬಂದು, ಹೊಸ ಜೀಪುಗಳೂ ಹೊಸ ಮನೆಗಳೂ ಎದ್ದುವು. 2001, 2002ರ ಹೊತ್ತಿಗೆ ಅದೇ ಕಾಫಿಯ ಬೆಲೆಯು ಪಾತಾಳಕ್ಕೆ ಇಳಿದು, ಬ್ಯಾಂಕಿನ ನೋಟೀಸುಗಳು ಬರತೊಡಗಿದುವು. "ಈ ತೋಟದ ಸಹವಾಸ ನಿನಗೆ ಬೇಡ ಕಣಪ್ಪಾ" ಎಂದು ತಂದೆಯರು ಮಕ್ಕಳಿಗೆ ಹೇಳಿ ಕಳುಹಿಸಿದ್ದು ಆ ವರ್ಷಗಳಲ್ಲಿಯೇ. ಹಾಗೆ ಹೋದವರಿಗೆ ಈಗ ನಡುವಯಸ್ಸು. 2024, 2025ರಲ್ಲಿ ರೊಬಸ್ಟಾ, ಅರೇಬಿಕಾಗಳೆರಡರ ಬೆಲೆಯೂ ಹಿಂದಿನ ದಾಖಲೆಗಳನ್ನೆಲ್ಲ ಮುರಿದು ನಿಂತಾಗ, ಅವರಲ್ಲಿ ಹಲವರು ದೂರವಾಣಿಯಲ್ಲಿ ಚೀಲಕ್ಕೆ ಎಷ್ಟೆಂದು ಕೇಳಿ, ಕೆಲಸ ಬಿಟ್ಟು ಬಂದರೆ ಹೇಗೆಂದು ಲೆಕ್ಕ ಹಾಕತೊಡಗಿದರು. ಬೆಲೆ ಬಿದ್ದಾಗ ಹೋಗುವ ಮಾತು, ಬೆಲೆ ಎದ್ದಾಗ ಬರುವ ಮಾತು: ಒಂದು ಕಾಫಿಗಿಡವು ನಾಲ್ವತ್ತು ಐವತ್ತು ವರ್ಷ ಬಾಳುವ ವಸ್ತುವೆಂಬುದನ್ನೂ, ಮನುಷ್ಯನ ದುಡಿಮೆಯ ಆಯುಷ್ಯವು ಅದಕ್ಕಿಂತ ಕಿರಿದೆಂಬುದನ್ನೂ ಈ ಲೆಕ್ಕದಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ.

ಕಾಯಿದೆಯಾದರೋ ಬೆಲೆಯಂತೆ ಓಲಾಡುವುದಿಲ್ಲ. ಅದರ ಕೆಲವು ಬಾಗಿಲುಗಳು ಒಮ್ಮೆ ಮುಚ್ಚಿದರೆ ಮುಚ್ಚಿದುವೇ. ಈ ಸಂಗತಿಯನ್ನು ತೋಟದ ಮನೆಗಳಲ್ಲಿ ತಿಳಿದವರು ಕಡಿಮೆಯಾದುದರಿಂದ ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ. ವಿದೇಶಿ ವಿನಿಮಯ ನಿರ್ವಹಣೆಯ 1999ರ ಕಾಯಿದೆಯ ಮೇರೆಗೆ, ಹೊರದೇಶದಲ್ಲಿ ನೆಲಸಿದ ಭಾರತೀಯನು ಇಲ್ಲಿ ಸೈಟನ್ನು ಕೊಳ್ಳಬಹುದು, ಅಪಾರ್ಟ್‌ಮೆಂಟನ್ನು ಕೊಳ್ಳಬಹುದು. ಕೃಷಿಭೂಮಿಯನ್ನಾಗಲಿ ಪ್ಲಾಂಟೇಷನ್ನನ್ನಾಗಲಿ ತೋಟದ ಮನೆಯನ್ನಾಗಲಿ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಇಲ್ಲಿ ವಾಸವಾಗಿದ್ದಾಗಲೇ ಅವನ ಹೆಸರಿಗೆ ಬಂದದ್ದನ್ನು ಇಟ್ಟುಕೊಳ್ಳಬಹುದು. ಇಲ್ಲಿ ವಾಸವಾಗಿದ್ದ ತಂದೆತಾಯಿಗಳ ತರುವಾಯ ಉತ್ತರಾಧಿಕಾರದಿಂದ ಬಂದದ್ದನ್ನೂ ಇಟ್ಟುಕೊಳ್ಳಬಹುದು. ಆದರೆ ಅದನ್ನು ಮಾರುವುದಾದರೆ ಭಾರತದಲ್ಲಿ ವಾಸವಾಗಿರುವ ಭಾರತೀಯ ಪ್ರಜೆಗೇ ಮಾರಬೇಕು. ಅಂದರೆ ತಂದೆಯು "ಆಗಲಿ, ನಿಧಾನವಾಗಿ ಮಗನ ಹೆಸರಿಗೆ ಬರೆದುಕೊಟ್ಟರಾಯಿತು" ಎಂದು ಉದಾಸೀನ ಮಾಡಿ, ಮಗನು ಉದ್ಯೋಗಕ್ಕಾಗಿ ವಿಮಾನ ಹತ್ತಿದ ಬಳಿಕ ದಾನಪತ್ರವನ್ನು ಮಾಡಿಸಲು ಹೊರಟರೆ ಕಾಲ ಮಿಂಚಿರುತ್ತದೆ. ಆಮೇಲೆ ಉಳಿಯುವುದು ಉಯಿಲು, ತಂದೆಯ ಮರಣ, ಪೌತಿ ಖಾತೆ, ಈ ದಾರಿಯೊಂದೇ. ಮಗನು ತನ್ನ ಕಡೆಯಿಂದ ಚಿಕ್ಕಪ್ಪನಿಗೋ ಭಾವನಿಗೋ ಬರೆದುಕೊಡುವ ಅಧಿಕಾರಪತ್ರವೂ ಅವನ ಜೀವಿತದವರೆಗೆ ಮಾತ್ರ. ಪೌರತ್ವದ ವಿಚಾರದಲ್ಲಿ ಇನ್ನೂ ಕಟ್ಟುನಿಟ್ಟು: 1955ರ ಪೌರತ್ವ ಕಾಯಿದೆಯಂತೆ ತಾನಾಗಿ ಇನ್ನೊಂದು ದೇಶದ ಪೌರತ್ವವನ್ನು ಸ್ವೀಕರಿಸಿದವನಿಗೆ ಭಾರತದ ಪೌರತ್ವವು ಅಲ್ಲಿಗೆ ಕೊನೆಗೊಳ್ಳುತ್ತದೆ, 2005ರ ತಿದ್ದುಪಡಿಯಿಂದ ವ್ಯಾಪಕವಾಗಿ ಬಂದ ಸಾಗರೋತ್ತರ ನಾಗರಿಕನ ಕಾರ್ಡಿನಿಂದ ಬಂದುಹೋಗುವುದು ಸುಗಮವಾಯಿತೇ ಹೊರತು ಮತವಾಗಲಿ ಕೃಷಿಭೂಮಿಯನ್ನು ಕೊಳ್ಳುವ ಹಕ್ಕಾಗಲಿ ಮರಳಲಿಲ್ಲ.

ವಿಚಿತ್ರವೆಂದರೆ, 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ರದ್ದಾದ ಮೇಲೆ, ಜನ್ಮದಲ್ಲಿ ನೇಗಿಲನ್ನೂ ಗುದ್ದಲಿಯನ್ನೂ ಮುಟ್ಟದ ಬೆಂಗಳೂರಿನ ಹಣವಂತನು ಸಕಲೇಶಪುರದಲ್ಲಿ ಜಮೀನು ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅದೇ ಸಕಲೇಶಪುರದ ತೋಟದಲ್ಲಿ ಹುಟ್ಟಿ ಮೆಲ್ಬರ್ನಿನಲ್ಲಿ ದುಡಿಯುತ್ತಿರುವವನು ಪಕ್ಕದ ದಾಯಾದಿಯ ಎರಡೆಕರೆಯನ್ನು ಕೊಂಡು ತನ್ನ ತೋಟಕ್ಕೆ ಸೇರಿಸಿಕೊಳ್ಳಲಾರನು.

ಅತ್ತಲಿನ ದೇಶಗಳ ಬಾಗಿಲುಗಳ ಮೇಲೆ ನಮ್ಮ ಇಚ್ಛೆ ನಡೆಯುವುದಿಲ್ಲ. ಅಮೆರಿಕವು ಉದ್ಯೋಗದ ಆಧಾರದಿಂದ ವರ್ಷಕ್ಕೆ ಕೊಡುವ ಸುಮಾರು 1,40,000 ಕಾಯಂ ವಾಸದ ಪರವಾನಗಿಗಳಲ್ಲಿ ಯಾವುದೇ ಒಂದು ದೇಶದವರಿಗೆ ಶೇಕಡ 7ರ ಮಿತಿಯನ್ನು ಇಟ್ಟಿರುವುದರಿಂದ, ಭಾರತೀಯರ ಸಾಲು ಹತ್ತು ವರ್ಷಗಳಿಗೂ ಮೀರಿ ಉದ್ದವಾಗಿದೆ. ಸಾಲಿನಲ್ಲಿ ನಿಂತವರ ಮಕ್ಕಳು 21 ವರ್ಷ ತುಂಬಿದೊಡನೆ ತಂದೆಯ ಅರ್ಜಿಯಿಂದ ಹೊರಬೀಳುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರಿನ ಶುಲ್ಕವನ್ನು ಘೋಷಿಸಿದ ದಿನ, ರಜೆಗೆಂದು ಊರಿಗೆ ಬಂದಿದ್ದವರು ತಮಗದು ಅನ್ವಯಿಸುತ್ತದೆಯೋ ಇಲ್ಲವೋ ತಿಳಿಯದೆ ವಿಮಾನದ ಟಿಕೇಟಿಗೆ ಪರದಾಡಿದರು. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿಯನ್ನು ಸಾರಿತು. ಬ್ರಿಟನ್ನು 2025ರ ಜುಲೈಯಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು ನಿಲ್ಲಿಸಿತು. ತಮ್ಮ ಮುದುಕರನ್ನು ಇಲ್ಲಿ ಬಿಟ್ಟು ಅಲ್ಲಿಯ ಮುದುಕರ ಸೇವೆಗೆ ಹೋಗಲಿದ್ದ ಹುಡುಗಿಯರು ಏಜೆಂಟನಿಗೆ ಕೊಟ್ಟ ಹಣದೊಡನೆ ಅರ್ಧದಾರಿಯಲ್ಲಿ ಉಳಿದರು.

ಹೇಮಾವತಿಯ ದಡದವರು ಹೊರದೇಶವನ್ನು ಹೇಗೆ ಕಂಡರೆಂಬುದಕ್ಕೆ ನಮ್ಮ ಜಿಲ್ಲೆಯ ಸಾಹಿತ್ಯದಲ್ಲಿ ಎರಡು ದೊಡ್ಡ ಸಾಕ್ಷಿಗಳಿವೆ. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾವ್ ಅವರು 1929ರಲ್ಲಿ ಫ್ರಾನ್ಸಿಗೆ ಓದಲು ಹೋದರು. ಮೊದಮೊದಲು ಕನ್ನಡದಲ್ಲಿಯೂ ಬರೆದವರು ಕ್ರಮೇಣ ಇಂಗ್ಲಿಷಿನ ಲೇಖಕರಾಗಿ, ಕಡೆಗೆ ಅಮೆರಿಕದ ಟೆಕ್ಸಾಸಿನಲ್ಲಿ ಅಧ್ಯಾಪಕರಾಗಿ ನೆಲಸಿ, 2006ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಹೊರದೇಶದಲ್ಲಿದ್ದು ಬರೆದು 1938ರಲ್ಲಿ ಪ್ರಕಟಿಸಿದ 'ಕಾಂತಾಪುರ' ಕಾದಂಬರಿಯಲ್ಲಿ ಬರುವುದು ಸಹ್ಯಾದ್ರಿಯ ಮಡಿಲ ಒಂದು ಹಳ್ಳಿ, ಹಿಮವತಿಯೆಂಬ ಹೊಳೆ, ದೊರೆಯೊಬ್ಬನ ಕಾಫಿತೋಟ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ದಾರಿಯೇ ಬೇರೆ. ಊರು, ಊರಿನವರು, ಹಳ್ಳಿಯ ಹಾಸ್ಯ ಇವುಗಳಲ್ಲಿ ಬಾಳನ್ನು ಕಳೆದ ಆ ಗಾಂಧೀವಾದಿಗಳು ಇಳಿವಯಸ್ಸಿನಲ್ಲಿ ಅಮೆರಿಕವನ್ನು ನೋಡಿ, ತಿರುಗಿ ಬಂದು 'ಅಮೆರಿಕಾದಲ್ಲಿ ಗೊರೂರು' ಎಂಬ ಪ್ರವಾಸಕಥನವನ್ನು ಬರೆದರು. 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಅದಕ್ಕೆ ಸಂದಿತು. ಒಬ್ಬರು ಹೋಗಿ ಊರನ್ನು ಬರೆದರು, ಇನ್ನೊಬ್ಬರು ಬಂದು ದೇಶಾಂತರವನ್ನು ಬರೆದರು. ಇಬ್ಬರಲ್ಲಿಯೂ ಅರೆಮನಸ್ಸಿರಲಿಲ್ಲವೆಂಬುದು ನನಗೆ ಮುಖ್ಯವಾಗಿ ತೋರುತ್ತದೆ.

ಅದೇ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದು, 1979ರ ಹೊತ್ತಿಗೆ ನೀರು ನಿಂತು, ಹಲವು ಹಳ್ಳಿಗಳು ಮುಳುಗಿದುವು. ಹೋಗುವುದೋ ಇರುವುದೋ ಎಂದು ಅಲ್ಲಿಯ ಜನರನ್ನು ಕೇಳಿದವರಿಲ್ಲ. ಪರಿಹಾರದ ಜಮೀನಿಗೆ ಕಚೇರಿಯಿಂದ ಕಚೇರಿಗೆ ಅಲೆದವರ ಮಕ್ಕಳೊಡನೆ ಮಾತನಾಡಿದರೆ, ನಿರ್ಣಯವೆಂಬುದು ಎಷ್ಟು ದೊಡ್ಡ ಸೌಭಾಗ್ಯವೆಂಬುದು ಮನಸ್ಸಿಗೆ ಬರುತ್ತದೆ. ಇಂದು ನಮ್ಮ ಲೈನ್ ಮನೆಗಳಲ್ಲಿರುವ ಅಸ್ಸಾಮಿನ ದಂಪತಿಗಳು ಸಹ ರೈಲಿನಲ್ಲಿ ಮೂರು ನಾಲ್ಕು ದಿನ ಕುಳಿತು, ಭಾಷೆ ತಿಳಿಯದ ಈ ಬೆಟ್ಟಕ್ಕೆ ಬಂದು, ನಮ್ಮ ಮಕ್ಕಳು ಬಿಟ್ಟ ಕೆಲಸವನ್ನು ಹಿಡಿದಿದ್ದಾರೆ. ಅವರಿಗೂ ಊರಿನಲ್ಲಿ ತಂದೆತಾಯಿಗಳಿದ್ದಾರೆ; ಅವರೂ ಎರಡು ವರ್ಷವೆಂದೇ ಹೇಳಿ ಹೊರಟವರು.

ಉಳಿಯಲು ಬಯಸುವವನಿಗೂ ಈಗ ಸಮಾಜವು ಬೆನ್ನುತಟ್ಟುವುದಿಲ್ಲ. ತೋಟವಿರಲಿ, ಆದರೆ ಹುಡುಗ ತೋಟದಲ್ಲಿರಬಾರದು ಎಂಬುದು ಹೆಣ್ಣಿನ ಕಡೆಯವರ ಷರತ್ತಾಗಿದೆ. 2023ರಲ್ಲಿ ಮಂಡ್ಯದ ಕಡೆಯ ಅವಿವಾಹಿತ ರೈತಯುವಕರು ಹೆಣ್ಣು ಸಿಗಲೆಂದು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ಓದಿ ನಕ್ಕವರು ನಮ್ಮಲ್ಲಿಯೂ ಇದ್ದರು. ನಗುವುದಕ್ಕೆ ನಮಗೆ ಅಧಿಕಾರವಿರಲಿಲ್ಲ. ಹೆಣ್ಣುಮಕ್ಕಳನ್ನು ದೂರುವುದೂ ನ್ಯಾಯವಲ್ಲ. ಕರ್ನಾಟಕದ 1994ರ ತಿದ್ದುಪಡಿಯಿಂದಲೂ ಕೇಂದ್ರದ 2005ರ ತಿದ್ದುಪಡಿಯಿಂದಲೂ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಬಂದಿದ್ದರೂ, ತೋಟವನ್ನು ನೀನು ನಡೆಸು ಎಂದು ಮಗಳನ್ನು ಕೇಳಿದ ತಂದೆಯರನ್ನು ಬೆರಳೆಣಿಕೆಯಲ್ಲಿ ಹುಡುಕಬೇಕು. ಕೇಳದೆ ಇದ್ದುದರಿಂದ ಅವಳು ಹೋದಳು. 2020ರಲ್ಲಿ ಮಹಾಮಾರಿಯ ಕಾರಣದಿಂದ ಮಕ್ಕಳೆಲ್ಲ ತೋಟದ ಮನೆಗಳಿಗೆ ಮರಳಿ, ಸಿಗ್ನಲ್ ಸಿಗುವ ದಿಣ್ಣೆಯನ್ನು ಹುಡುಕಿ ಲ್ಯಾಪ್‌ಟಾಪನ್ನು ತೆರೆದು ಕುಳಿತ ಆ ಒಂದೂವರೆ ವರ್ಷದಲ್ಲಿ, ಕಣದ ಲೆಕ್ಕವನ್ನು ಹಿಡಿದು, ಕೂಲಿಯನ್ನು ಬಟವಾಡೆ ಮಾಡಿ, ರೈಟರಿನ ತಪ್ಪುಗಳನ್ನು ಹಿಡಿದವರಲ್ಲಿ ಹೆಣ್ಣುಮಕ್ಕಳೇ ಮುಂದಿದ್ದುದನ್ನು ಹಲವು ಮನೆಗಳಲ್ಲಿ ಕಂಡೆ. ಆಫೀಸು ತೆರೆದೊಡನೆ ಅವರೂ ಹೊರಟುಹೋದರು, ಯಾರೂ ತಡೆಯಲಿಲ್ಲ.

ಎಲ್ಲಕ್ಕಿಂತ ಕಷ್ಟದ ಸ್ಥಿತಿಯೆಂದರೆ ಕಾಯುತ್ತಿರುವ ಮನೆಯದು. ಮಗನು ಬರುತ್ತಾನೆಂದು ಹಳೆಯ ಅರೇಬಿಕಾವನ್ನು ತೆಗೆದು ಹೊಸ ಗಿಡ ಹಾಕಿಸುವುದಿಲ್ಲ, ಏಕೆಂದರೆ ಯಾವ ತಳಿಯೆಂಬುದನ್ನು ಅವನು ಬಂದು ಹೇಳಲಿ. ಬರುತ್ತಾನೆಂದು ಮಾರುವುದಿಲ್ಲ, ಗುತ್ತಿಗೆಗೂ ಕೊಡುವುದಿಲ್ಲ. ಬರುತ್ತಾನೆಂದು ಮಹಡಿಯ ಮೇಲೆ ಕಮೋಡು ಇಡಿಸಿದ ಕೋಣೆ ಕಟ್ಟಿಸಿ ಬೀಗ ಹಾಕಿರುತ್ತಾರೆ. ಹೀಗೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಗಿಡ ಮುದಿಯಾಗಿ, ನೆರಳು ಕವಿದು, ಕಾಯಿಕೊರಕ ತುಂಬಿ, ತೋಟವು ಇಟ್ಟುಕೊಳ್ಳುವುದಕ್ಕೂ ಮಾರುವುದಕ್ಕೂ ಬಾರದಂತಾಗುತ್ತದೆ. ತಂದೆ ತೀರಿಕೊಂಡಾಗ ಹಾಸನದಿಂದ ಐಸ್ ಪೆಟ್ಟಿಗೆಯನ್ನು ತರಿಸಿ ಎರಡು ದಿನ ಶವವನ್ನು ಕಾಯಿಸಿ, ಮಗನು ಬಂದು ಕಾರ್ಯ ಮುಗಿಸಿ, ಹದಿನಾಲ್ಕನೆಯ ದಿನ ಹೊರಡುವ ಹೊತ್ತಿಗೆ "ಅವ್ವಾ, ನೀನೂ ಬಂದುಬಿಡು" ಎನ್ನುತ್ತಾನೆ. "ಆರು ತಿಂಗಳು ಬಂದಿದ್ನಲ್ಲಪ್ಪಾ, ಅಲ್ಲಿ ಮಾತಾಡೋರ್ಯಾರು" ಎನ್ನುತ್ತಾಳೆ ಆಕೆ.

ಇದಕ್ಕೆ ವ್ಯತಿರಿಕ್ತವಾಗಿ ನಡೆದ ಒಂದು ಮನೆಯನ್ನು ಆಲೂರಿನ ಕಡೆಯಲ್ಲಿ ಬಲ್ಲೆ. ಯಜಮಾನರು ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಮಗಳು ಜರ್ಮನಿಯಲ್ಲಿ ದಾದಿ, ಮಗನು ಬೆಂಗಳೂರಿನಲ್ಲಿದ್ದು ಕೆನಡಾಕ್ಕೆ ಅರ್ಜಿ ಹಾಕಿದ್ದವನು. ತಾಯಿಯು ಹೆಚ್ಚು ಓದಿದವಳಲ್ಲ, ಆದರೆ ದೀಪಾವಳಿಗೆ ಇಬ್ಬರೂ ಬಂದಾಗ ಅಳಿಯನನ್ನೂ, ಪಹಣಿಗಳನ್ನೂ, ಊರಿನ ಇಬ್ಬರು ಹಿರಿಯರನ್ನೂ ಕೂರಿಸಿಕೊಂಡು, "ಬರ್ತೀವಿ ಅಂತ ಹೇಳ್ಬೇಡಿ, ಯಾವ ವರ್ಷ ಬರ್ತೀರಿ ಅದನ್ನ ಹೇಳಿ, ಬರಲ್ಲ ಅಂದ್ರೂ ನನಗೇನು ಬೇಜಾರಿಲ್ಲ" ಎಂದಳು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲವಂತೆ. ಕೊನೆಗೆ ಮಗಳು, ತಾನು ತಿರುಗಿ ಬರುವುದಿಲ್ಲವೆಂದು ಮೊದಲು ಹೇಳಿದಳು. ಮಗನು ಹತ್ತು ವರ್ಷ ಕೇಳಿದನು. ಕೊರಕ ಬಿದ್ದ ಕೆಳಗಿನ ಅರೇಬಿಕಾವನ್ನು ಪಕ್ಕದ ತೋಟದವರಿಗೆ ಮಾರಿ ಮಗಳ ಪಾಲಿಗೆ ಹಣ ಕೊಡುವುದೆಂದೂ, ಮನೆಯ ಮೇಲಿನ ರೊಬಸ್ಟಾವನ್ನು ಮಗನು ಹೊರಡುವ ಮೊದಲೇ ಅವನ ಹೆಸರಿಗೆ ವಿಭಾಗ ಮಾಡಿ ನೋಂದಾಯಿಸುವುದೆಂದೂ, ಅದನ್ನು ಸೋದರಮಾವನ ಮಗನು ಪಾಲಿಗೆ ನಡೆಸುವುದೆಂದೂ, ತಾಯಿಯು ಕೈಕಾಲು ಗಟ್ಟಿಯಿರುವವರೆಗೆ ತೋಟದಲ್ಲಿಯೂ ಆಮೇಲೆ ಹಾಸನದ ಮನೆಯಲ್ಲಿಯೂ ಇರುವುದೆಂದೂ ಬರೆದು ಎಲ್ಲರೂ ರುಜು ಹಾಕಿದರು. ಮಗನು ಈಗ ಹೋಗಿದ್ದಾನೆ. ರೊಬಸ್ಟಾಕ್ಕೆ ಹೋದ ಬೇಸಗೆಯಲ್ಲಿ ಹೊಸ ಸ್ಪ್ರಿಂಕ್ಲರ್ ಪೈಪುಗಳು ಬಂದುವು.

ಒಂದೂವರೆ ಎಕರೆ ಗದ್ದೆಯ ವಿಚಾರದಲ್ಲಿ ಮಾತ್ರ ಅಂದು ಒಮ್ಮತವಾಗಲಿಲ್ಲ. ಬೆಳೆದರೆ ಆನೆ ತುಳಿಯುತ್ತದೆ, ಬಿಟ್ಟರೆ ಕಳೆ ಬೆಳೆಯುತ್ತದೆ, ಮಕ್ಕಳಿಬ್ಬರಿಗೂ ಅದು ಬೇಡ. ಮನೆದೇವರಿಗೆ ಹೊಸಕ್ಕಿ ಬೇರೆಯವರ ಗದ್ದೆಯಿಂದ ತರಬೇಕೇ ಎಂಬುದು ತಾಯಿಯ ಪ್ರಶ್ನೆ. ಈ ವರ್ಷ ಯಾರೋ ಶುಂಠಿ ಬೆಳೆಯುವುದಕ್ಕೆ ಅದನ್ನು ಎಕರೆಗೆ ಇಷ್ಟೆಂದು ಕೇಳಿ ಮುಂಗಡವನ್ನೂ ತಂದಿದ್ದರು. ನಾನು ಹೋದಾಗ ಆಕೆ ಅವರಿಗೆ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಕೆನಡಾಕ್ಕೆ ಫೋನು ಮಾಡಿ ಕೇಳಬಾರದೇ ಎಂದರೆ, ಗದ್ದೆ ತನ್ನ ಹೆಸರಿನಲ್ಲಿದೆ, ಅವನನ್ನೇಕೆ ಕೇಳಬೇಕು ಎಂದಳು.